ಕೀಲಿ ಕೊಟ್ಟರೆ ಸಾಲದು: ಗಡಿಯಾರ, ಸೂರ್ಯ ಮತ್ತು ನಮಾಝಿನ ವೇಳೆ

ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿರುವ ಹಳೆಯ ಆಟೋಮ್ಯಾಟಿಕ್ ಕೈಗಡಿಯಾರವೊಂದನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿ ನೋಡಿ. ಒಳಗೆ ಏನೋ ತಿರುಗಿದ ಸದ್ದಾಗುತ್ತದೆ. ಯಂತ್ರ ಸುಸ್ಥಿತಿಯಲ್ಲಿದ್ದರೆ ಸೆಕೆಂಡಿನ ಮುಳ್ಳು ಕೂಡಲೇ ನಡೆಯತೊಡಗುತ್ತದೆ. ಅಜ್ಜ ಕೈಯಿಂದ ಕಳಚಿಟ್ಟ ಬಳಿಕ ಅದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ತನ್ನ ಪ್ರಯಾಣವನ್ನು ಮುಂದುವರಿಸುತ್ತದೆ. ಮನೆಯ ಮಕ್ಕಳಿಗೆ ಇದೊಂದು ವಿಸ್ಮಯ. ಆದರೆ ಆ ಮುಳ್ಳುಗಳನ್ನು ನಂಬಿ ಯಾರಾದರೂ ಉಪವಾಸ ತೊರೆದಾರೆಯೇ? ಖಂಡಿತ ಇಲ್ಲ. ಗಡಿಯಾರ ನಡೆಯುತ್ತಿದೆ, ಆದರೆ ವೇಳೆ ಅದಕ್ಕೆ ಗೊತ್ತಿಲ್ಲ.

ಗಡಿಯಾರಕ್ಕೆ ಮನುಷ್ಯನು ಎರಡು ಕೆಲಸಗಳನ್ನು ಮಾಡಬೇಕು. ಒಂದು, ಕೀಲಿ ಕೊಡುವುದು. ಇನ್ನೊಂದು, ವೇಳೆಯನ್ನು ಹೊಂದಿಸುವುದು. ಮೊದಲನೆಯ ಕೆಲಸವನ್ನು ಯಂತ್ರವು ತಾನೇ ಮಾಡಿಕೊಳ್ಳುವಂತೆ ಮಾಡಲು ಶತಮಾನಗಳ ಪ್ರಯತ್ನ ನಡೆಯಿತು. ಎರಡನೆಯ ಕೆಲಸವನ್ನು ಮುಸ್ಲಿಮ್ ಸಮಾಜವು ಯಂತ್ರಗಳ ಕೈಗೆ ಬಿಡದೆ, ವಿದ್ಯಾವಂತರಾದ ಮನುಷ್ಯರಿಗೆ ವಹಿಸಿತ್ತು. ಆ ಇತಿಹಾಸವನ್ನು ಇಂದು ನೆನಪಿಸಿಕೊಳ್ಳುವ ಅಗತ್ಯವಿದೆ.

ಐದು ಹೊತ್ತಿನ ನಮಾಝಿಗೆ ನಿಗದಿತ ವೇಳೆಗಳಿವೆ, ಮತ್ತು ಆ ವೇಳೆಗಳು ಸೂರ್ಯನ ಚಲನೆಯನ್ನು ಅವಲಂಬಿಸಿವೆ. ಫಜ್ರ್‌ಗೆ ಅರುಣೋದಯ, ಝುಹ್ರ್‌ಗೆ ಸೂರ್ಯನು ನಡುನೆತ್ತಿಯಿಂದ ವಾಲುವ ಕ್ಷಣ, ಅಸ್ರ್‌ಗೆ ನೆರಳಿನ ಉದ್ದ, ಮಗ್ರಿಬ್‌ಗೆ ಸೂರ್ಯಾಸ್ತ, ಇಶಾಗೆ ಸಂಜೆಗೆಂಪು ಮಾಸುವ ಹೊತ್ತು. ಇವನ್ನು ಲೆಕ್ಕ ಹಾಕಲು 13ನೇ ಶತಮಾನದಲ್ಲಿ, ಮಮ್ಲೂಕರ ಕಾಲದ ಈಜಿಪ್ಟಿನಲ್ಲಿ, ಮಸೀದಿಗಳಲ್ಲಿಯೇ ಒಂದು ಹುದ್ದೆ ರೂಪುಗೊಂಡಿತು. ಆ ಹುದ್ದೆಯಲ್ಲಿದ್ದವರನ್ನು ಮುವಕ್ಕಿತ್, ಅಂದರೆ ವೇಳೆಯನ್ನು ನಿರ್ಣಯಿಸುವವರು ಎಂದು ಕರೆಯಲಾಯಿತು. ಮುಅಝ್ಝಿನರು ಅಝಾನ್ ನೀಡಿದರೆ, ಅದರ ವೇಳೆಯನ್ನು ಖಚಿತಪಡಿಸುವ ಹೊಣೆ ಖಗೋಳ ಮತ್ತು ಗಣಿತ ಬಲ್ಲ ಈ ವಿದ್ವಾಂಸರದಾಗಿತ್ತು.

ಈ ಪರಂಪರೆಯ ಶ್ರೇಷ್ಠ ಹೆಸರು ಇಬ್ನುಶ್ಶಾತಿರ್. 14ನೇ ಶತಮಾನದಲ್ಲಿ ಅವರು ದಮಾಸ್ಕಸ್‌ನ ಉಮಯ್ಯಾ ಮಸೀದಿಯ ಮುಖ್ಯ ಮುವಕ್ಕಿತ್ ಆಗಿದ್ದರು. ಆ ಮಸೀದಿಯ ಮಿನಾರಕ್ಕಾಗಿ 1371ರ ಸುಮಾರಿಗೆ ಅವರು ಅಮೃತಶಿಲೆಯಲ್ಲಿ ಬೃಹತ್ತಾದ ನೆರಳು ಗಡಿಯಾರವೊಂದನ್ನು ರಚಿಸಿದರು. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದ ಚಿಕ್ಕ ಪೆಟ್ಟಿಗೆಯಂಥ ಉಪಕರಣವೂ ಅವರದೇ. ಅದರಿಂದ ವೇಳೆಯನ್ನೂ ಕಿಬ್ಲಾದ ದಿಕ್ಕನ್ನೂ ತಿಳಿಯಬಹುದಿತ್ತು. ಮಿನಾರದ ನೆರಳು ಗಡಿಯಾರವು ಸುಮಾರು ಐದು ಶತಮಾನಗಳ ನಂತರ, ಅದನ್ನು ಸರಿಹೊಂದಿಸಲು ಹೊರಟಾಗ ಒಡೆಯಿತು. 1876ರಲ್ಲಿ ಅದರ ಪ್ರತಿಕೃತಿಯನ್ನು ಅಲ್ಲಿ ಇರಿಸಲಾಯಿತು. ಅದಕ್ಕೆ ಕೀಲಿ ಬೇಕಿರಲಿಲ್ಲ. ಆದರೆ ಅದರ ನೆರಳನ್ನು ಓದಬಲ್ಲ ಮನುಷ್ಯ ಬೇಕಿದ್ದನು.

ಮೋಡ ಕವಿದ ದಿನ ಮತ್ತು ರಾತ್ರಿಯ ಹೊತ್ತು ನೆರಳು ಸಿಗುವುದಿಲ್ಲ. ಆಗ ತಾನೇ ನಡೆಯುವ ಯಂತ್ರ ಬೇಕು. ದಮಾಸ್ಕಸ್‌ನಲ್ಲಿ ಜನಿಸಿದ ತಕೀಯುದ್ದೀನ್ ಎಂಬ ವಿದ್ವಾಂಸರು 16ನೇ ಶತಮಾನದ ನಡುಭಾಗದಲ್ಲಿ ಯಾಂತ್ರಿಕ ಗಡಿಯಾರಗಳ ಕುರಿತೇ ಅರಬಿಯಲ್ಲಿ ಒಂದು ಗ್ರಂಥ ಬರೆದರು. ತೂಕದ ಬಲದಿಂದ ನಡೆಯುವ ಗಡಿಯಾರಗಳನ್ನೂ ಸುರುಳಿ ಸ್ಪ್ರಿಂಗಿನ ಬಲದಿಂದ ನಡೆಯುವ ಗಡಿಯಾರಗಳನ್ನೂ ಅವರು ಅದರಲ್ಲಿ ವಿವರಿಸಿದ್ದಾರೆ. ಮುಂದೆ ಅವರ ನೇತೃತ್ವದಲ್ಲಿ ಇಸ್ತಾಂಬುಲ್‌ನಲ್ಲಿ ವೀಕ್ಷಣಾಲಯವೊಂದು ಸ್ಥಾಪನೆಗೊಂಡಿತು. ನಕ್ಷತ್ರಗಳ ವೀಕ್ಷಣೆಗೆ ಅವರು ಯಾಂತ್ರಿಕ ಗಡಿಯಾರವನ್ನು ಬಳಸಿದರು. ದುರದೃಷ್ಟವಶಾತ್ 1580ರಲ್ಲಿ ಸುಲ್ತಾನರ ಆಜ್ಞೆಯಂತೆ ಆ ವೀಕ್ಷಣಾಲಯವನ್ನು ಕೆಡವಲಾಯಿತು.

ಆದರೂ ಗಡಿಯಾರದ ಮೇಲಿನ ಒಲವು ಕುಂದಲಿಲ್ಲ. ಜಿನೀವಾದ ಗಡಿಯಾರ ತಯಾರಕರು ಇಸ್ತಾಂಬುಲ್‌ಗೆ ಬಂದು ನೆಲೆಸಿದರು. ತತ್ವಜ್ಞಾನಿ ರೂಸೋ ಅವರ ತಂದೆಯೂ 18ನೇ ಶತಮಾನದ ಆರಂಭದಲ್ಲಿ ಅಲ್ಲಿ ಗಡಿಯಾರದ ಕಸುಬು ಮಾಡಿದವರು. ಲಂಡನ್ನಿನ ಕುಶಲಕರ್ಮಿಗಳು ಉಸ್ಮಾನಿ ಮಾರುಕಟ್ಟೆಗೆಂದೇ ಅಲ್ಲಿನ ಅಂಕಿಗಳುಳ್ಳ ಜೇಬುಗಡಿಯಾರಗಳನ್ನು ತಯಾರಿಸುತ್ತಿದ್ದರು. ಯಂತ್ರ ಹೊರಗಿನಿಂದ ಬಂತು, ಆದರೆ ಅದನ್ನು ಹೊಂದಿಸುವ ರೀತಿ ಮಾತ್ರ ಅಲ್ಲಿಯದೇ ಆಗಿತ್ತು.

ಉಸ್ಮಾನಿ ಪದ್ಧತಿಯಲ್ಲಿ ಸೂರ್ಯ ಮುಳುಗುವ ಕ್ಷಣವೇ ಹನ್ನೆರಡು ಗಂಟೆ. ಹೊಸ ದಿನ ಆರಂಭವಾಗುವುದೂ ಅಲ್ಲಿಂದಲೇ. ಸೂರ್ಯಾಸ್ತದ ವೇಳೆ ಪ್ರತಿದಿನವೂ ಸರಿಯುವುದರಿಂದ, ಎಷ್ಟೇ ಉತ್ತಮ ಗಡಿಯಾರವಾದರೂ ಅದನ್ನು ಮತ್ತೆ ಮತ್ತೆ ಹೊಂದಿಸಲೇಬೇಕಿತ್ತು. ಇಸ್ತಾಂಬುಲ್‌ನಲ್ಲಿ ಕೆಲವು ಋತುಗಳಲ್ಲಿ ಈ ವ್ಯತ್ಯಾಸ ದಿನವೊಂದಕ್ಕೆ ಒಂದು ನಿಮಿಷಕ್ಕೂ ಹೆಚ್ಚು. ಈ ಲೆಕ್ಕದಂತೆ ನಡುಮಧ್ಯಾಹ್ನವು ಬೇಸಿಗೆಯಲ್ಲಿ ನಾಲ್ಕೂವರೆಯ ಸುಮಾರಿಗೂ ಚಳಿಗಾಲದಲ್ಲಿ ಏಳೂವರೆಯ ಸುಮಾರಿಗೂ ಬರುತ್ತಿತ್ತು! ದೊಡ್ಡ ಮಸೀದಿಗಳ ಪಕ್ಕದಲ್ಲಿ ಮುವಕ್ಕಿತ್‌ಖಾನಾ ಎಂಬ ಪುಟ್ಟ ಕಟ್ಟಡಗಳಿದ್ದವು. ಅವುಗಳ ಕಿಟಕಿಯಿಂದ ಬೀದಿಗೆ ಕಾಣುವಂತೆ ಗಡಿಯಾರಗಳನ್ನು ಇರಿಸಲಾಗುತ್ತಿತ್ತು. ದಾರಿಹೋಕರು ಅಲ್ಲಿ ನಿಂತು ತಮ್ಮ ಜೇಬಿನ ಗಡಿಯಾರವನ್ನು ಅದಕ್ಕೆ ಸರಿಹೊಂದಿಸಿಕೊಂಡು ಮುಂದೆ ಸಾಗುತ್ತಿದ್ದರು. ಗಡಿಯಾರ ಖಾಸಗಿ ಸೊತ್ತಾಗಿತ್ತು, ಆದರೆ ವೇಳೆ ಮಸೀದಿಯ ಬಳಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿತ್ತು.

ಇದೇ ಅವಧಿಯಲ್ಲಿ ಯೂರೋಪಿನಲ್ಲಿ ಕೀಲಿ ಕೊಡುವ ಕೆಲಸವನ್ನು ಇಲ್ಲವಾಗಿಸುವ ಪ್ರಯತ್ನ ಸಾಗಿತ್ತು. ಸ್ವಿಟ್ಜರ್ಲೆಂಡಿನ ಪೆರ್ಲೆ ಎಂಬ ಕುಶಲಕರ್ಮಿಯ ಜೇಬುಗಡಿಯಾರದ ಕುರಿತು 1777ರ ವರದಿಯೊಂದು ಪ್ರಸಿದ್ಧವಾಗಿದೆ. ಅದನ್ನು ಧರಿಸಿ 15 ನಿಮಿಷ ನಡೆದರೆ ಎಂಟು ದಿನಗಳಿಗೆ ಸಾಕಾಗುವಷ್ಟು ಕೀಲಿ ತುಂಬುತ್ತದೆ ಎಂದು ಅದರಲ್ಲಿ ಹೇಳಲಾಗಿತ್ತು. ಕೈಗಡಿಯಾರದಲ್ಲಿ ಇದನ್ನು ಸಾಧಿಸಿದವರು ಜಾನ್ ಹಾರ್‌ವುಡ್ ಎಂಬ ಇಂಗ್ಲಿಷ್ ರಿಪೇರಿಗಾರರು. ಕೀಲಿ ಕೊಡುವ ಗುಂಡಿಯ ಸಂದಿಯಿಂದಲೇ ಧೂಳು ಮತ್ತು ತೇವ ಒಳಸೇರಿ ಗಡಿಯಾರ ಕೆಡುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಆದ್ದರಿಂದ ಗುಂಡಿಯನ್ನೇ ತೆಗೆದುಹಾಕಿ, ಕೈಯ ಚಲನೆಗೆ ತೂಗಾಡುವ ಒಂದು ತೂಕವನ್ನು ಒಳಗಿಟ್ಟರು. 1924ರಲ್ಲಿ ಅವರಿಗೆ ಸ್ವಿಸ್ ಪೇಟೆಂಟ್ ದೊರೆಯಿತು. 1931ರಲ್ಲಿ ರೋಲೆಕ್ಸ್ ಸಂಸ್ಥೆಯು ಆ ತೂಕ ಪೂರ್ಣ ವೃತ್ತದಲ್ಲಿ ತಿರುಗುವಂತೆ ಮಾಡಿತು. ಇಂದಿನ ಆಟೋಮ್ಯಾಟಿಕ್ ಗಡಿಯಾರಗಳು ಬಹುಮಟ್ಟಿಗೆ ಅದೇ ಮಾದರಿಯವು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗುಂಡಿಯನ್ನು ಕಿತ್ತುಹಾಕಿದ ಹಾರ್‌ವುಡ್ ಅವರಿಗೂ ವೇಳೆ ಹೊಂದಿಸುವ ಕೆಲಸವನ್ನು ಕಿತ್ತುಹಾಕಲಾಗಲಿಲ್ಲ. ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಿ ಮುಳ್ಳುಗಳನ್ನು ಸರಿಸುವ ವ್ಯವಸ್ಥೆಯನ್ನು ಅವರು ಅದರಲ್ಲಿ ಅಳವಡಿಸಬೇಕಾಯಿತು.

1926ರ ಜನವರಿಯಲ್ಲಿ ತುರ್ಕಿಯ ಗಣರಾಜ್ಯವು ಸೂರ್ಯಾಸ್ತದ ಗಂಟೆಯನ್ನು ಕೈಬಿಟ್ಟು, ನಡುರಾತ್ರಿಯಿಂದ ಎಣಿಸುವ 24 ಗಂಟೆಗಳ ಪದ್ಧತಿಯನ್ನು ಜಾರಿಗೆ ತಂದಿತು. ಭಾರತದಲ್ಲಿ ಅದಕ್ಕೂ ಮೊದಲೇ, 1906ರಲ್ಲಿ, ಪ್ರಮಾಣ ವೇಳೆ ಬಂದಿತ್ತು. 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಅನ್ವಯಿಸುವ ವೇಳೆಯದು. ರೈಲಿಗೂ ಕಚೇರಿಗೂ ಅದು ಅನುಕೂಲವೇ. ಆದರೆ ಸೂರ್ಯನು ಆ ಕಾನೂನಿಗೆ ಒಳಪಟ್ಟವನಲ್ಲ. ಬೆಂಗಳೂರಿನ ಸೂರ್ಯ ಈ ಪ್ರಮಾಣ ವೇಳೆಗಿಂತ ಸರಾಸರಿ 20 ನಿಮಿಷ ಹಿಂದೆ, ಮಂಗಳೂರಿನ ಸೂರ್ಯ ಸುಮಾರು 30 ನಿಮಿಷ ಹಿಂದೆ. ಆದ್ದರಿಂದಲೇ ಮಂಗಳೂರಿನಲ್ಲಿ ಸೂರ್ಯನು ನಡುನೆತ್ತಿಗೆ ಬರುವುದು ಕಾಲಕ್ಕನುಗುಣವಾಗಿ 12.15 ಮತ್ತು 12.45ರ ನಡುವೆ.

ಈ ಅಂಕಿಗಳು ಕೇವಲ ಭೂಗೋಳದ ಪಾಠವಲ್ಲ. ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡವಾಗಿ. ಬೆಂಗಳೂರಿನ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ಕಂಡು, ಇಲ್ಲವೇ ಅಲ್ಲಿನ ಅಝಾನನ್ನು ನೇರ ಪ್ರಸಾರದಲ್ಲಿ ಕೇಳಿ, ಮಂಗಳೂರಿನ ಮನೆಯೊಂದು ಖರ್ಜೂರ ಬಾಯಿಗಿಟ್ಟರೆ ಆಕಾಶದಲ್ಲಿ ಇನ್ನೂ ಸೂರ್ಯನಿರುತ್ತಾನೆ. ದಿನವಿಡೀ ಹಸಿವು, ಬಾಯಾರಿಕೆಗಳನ್ನು ಸಹಿಸಿದ ಉಪವಾಸ ಕೊನೆಯ ಹತ್ತು ನಿಮಿಷಗಳಲ್ಲಿ ಕೆಡುತ್ತದೆ. ಅಲ್ಲಿ ಗಡಿಯಾರ ಕೆಟ್ಟಿಲ್ಲ, ಮೊಬೈಲೂ ಕೆಟ್ಟಿಲ್ಲ. ತಾನಿರುವ ಊರಿನ ಸೂರ್ಯನನ್ನು ವಿಚಾರಿಸದೇ ಹೋದದ್ದೇ ತಪ್ಪು.

ಆದ್ದರಿಂದ ಅಜ್ಜನ ಆಟೋಮ್ಯಾಟಿಕ್ ಗಡಿಯಾರವನ್ನು ಮತ್ತೆ ಕಟ್ಟಿಕೊಳ್ಳುವವರು ಅಲುಗಾಡಿಸಿ ಸುಮ್ಮನಾಗಬಾರದು. ಗುಂಡಿಯಿಂದ ಕೀಲಿ ಕೊಡಬಹುದಾದ ಮಾದರಿಯಾಗಿದ್ದರೆ ಇಪ್ಪತ್ತು ಮೂವತ್ತು ಸುತ್ತು ನಿಧಾನವಾಗಿ ತಿರುಗಿಸಿ. ಬಳಿಕ ಗುಂಡಿಯನ್ನು ಹೊರಗೆಳೆದು ಮುಳ್ಳುಗಳನ್ನು ಮುಂದಕ್ಕೆ ಸರಿಸಿ. ತಾರೀಖು ಬದಲಾದರೆ ನೀವು ದಾಟಿದ್ದು ನಡುರಾತ್ರಿಯ ಹನ್ನೆರಡು, ಬದಲಾಗದಿದ್ದರೆ ಮಧ್ಯಾಹ್ನದ ಹನ್ನೆರಡು. ಮುಳ್ಳುಗಳು ರಾತ್ರಿ ಒಂಬತ್ತರಿಂದ ಮೂರರ ನಡುವೆ ಇರುವಾಗ ತಾರೀಖನ್ನು ನೇರವಾಗಿ ಬದಲಿಸಬೇಡಿ, ಹಲ್ಲುಚಕ್ರಗಳಿಗೆ ಪೆಟ್ಟಾಗಬಹುದು. ದಿನವೂ ಧರಿಸಿದರೆ ಅದು ನಿಮ್ಮ ಕೈಯ ಚಲನೆಯಿಂದಲೇ ನಡೆಯುತ್ತದೆ. ಆದರೂ ದಿನಕ್ಕೆ ಕೆಲವು ಸೆಕೆಂಡು ಹಿಂದೆಮುಂದೆ ಆಗುವುದು ಸಹಜ. ವಾರಕ್ಕೊಮ್ಮೆಯಾದರೂ ಸರಿಪಡಿಸಿ.

ಕೊನೆಗೆ, ಮಗ್ರಿಬ್‌ನ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಪಡುವಣ ಬಾನು ಕಾಣುವ ಕಡೆ ಹೋಗಿ ನಿಲ್ಲಿ. ಸೂರ್ಯ ಮುಳುಗಿದಾಗ ಕೈಯಲ್ಲಿನ ಗಡಿಯಾರ ಎಷ್ಟು ತೋರಿಸುತ್ತಿದೆ, ನಿಮ್ಮ ಊರಿನ ಮಸೀದಿಯ ಪಟ್ಟಿಯಲ್ಲಿ ಎಷ್ಟಿದೆ ಎಂದು ಅವರಿಂದಲೇ ಹೋಲಿಸಿ ನೋಡಿಸಿ. ಮುವಕ್ಕಿತರು ಶತಮಾನಗಳ ಕಾಲ ಮಾಡುತ್ತಿದ್ದ ಕೆಲಸದ ಮೊದಲ ಪಾಠ ಅವರಿಗೆ ಅಲ್ಲಿಯೇ ದೊರೆಯುತ್ತದೆ.