ಹಳಿಯೊಳಗಿನ ಅಡ್ಡಬಿರುಕು: ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧನೆ

ಉಕ್ಕಿನ ರೈಲು ಹಳಿಯ ತಲೆಭಾಗದ ಒಳಗೆ ಹುಟ್ಟಿ, ಉದ್ದಕ್ಕೆ ಅಡ್ಡಲಾಗಿ ಬೆಳೆದು, ಕೊನೆಗೆ ಹಳಿಯನ್ನೇ ತುಂಡರಿಸುವ ಬಿರುಕಿಗೆ ಅಡ್ಡಬಿರುಕು ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ರೈಲ್ವೆಗಳನ್ನು ಇದರಷ್ಟು ಕಾಡಿದ ದೋಷಗಳು ಕಡಿಮೆ. ಇದರ ಮೂಲವನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ ಕೀರ್ತಿಯ ದೊಡ್ಡ ಪಾಲು ಅರ್ಬಾನಾದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಯೋಗ ಕೇಂದ್ರಕ್ಕೆ ಸಲ್ಲುತ್ತದೆ.

ಈ ದೋಷ ಎಲ್ಲರ ಗಮನಕ್ಕೆ ಬಂದದ್ದು ಒಂದು ದುರಂತದಿಂದ. 1911ರ ಆಗಸ್ಟ್ 25ರಂದು ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಊರಿನ ಬಳಿ ಲೀಹೈ ವ್ಯಾಲಿ ರೈಲ್ವೆಯ ಪ್ರಯಾಣಿಕರ ಗಾಡಿ ಸೇತುವೆಯ ಮೇಲೆ ಹಳಿ ತಪ್ಪಿ 29 ಮಂದಿ ಸತ್ತರು. ಗಾಡಿಯಡಿಯ ಒಂದು ಹಳಿ ಹಲವು ತುಂಡುಗಳಾಗಿತ್ತು. ಸರ್ಕಾರದ ತನಿಖೆಯಲ್ಲಿ ಆ ತುಂಡುಗಳನ್ನು ಪರೀಕ್ಷಿಸಿದ ಜೇಮ್ಸ್ ಹೊವರ್ಡ್ ಎಂಬ ಎಂಜಿನಿಯರ್ ಅವುಗಳ ಮುರಿದ ಮುಖದಲ್ಲಿ ಈ ಬಿರುಕನ್ನು ಗುರುತಿಸಿದರು.

ಇಂಥ ಹಳಿಯ ಮುರಿದ ಮುಖವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸುತ್ತಲೂ ಒರಟಾದ, ಹರಳು ಹರಳಾದ ಉಕ್ಕು. ಅದು ಒಂದೇ ಕ್ಷಣದಲ್ಲಿ ಮುರಿದ ಭಾಗ. ತಲೆಭಾಗದ ಒಳಗೆ ಮಾತ್ರ ಮೊಟ್ಟೆಯಾಕಾರದ ಒಂದು ನುಣುಪು ಕಲೆ. ಅದರ ಒಡಲಲ್ಲಿ ಚಿಕ್ಕದೊಂದು ಬೀಜ, ಬೀಜದ ಸುತ್ತ ಕಡಿದ ಮರದ ಬೊಡ್ಡೆಯಲ್ಲಿ ಕಾಣುವಂಥ ಉಂಗುರಗಳು. ಬಿರುಕು ಇನ್ನೂ ಹೊರಮೈ ಮುಟ್ಟಿಲ್ಲವಾದರೆ ಕಲೆ ಬೆಳ್ಳಿಬಣ್ಣಕ್ಕಿರುತ್ತದೆ. ಗಾಳಿ ಒಳಹೊಕ್ಕಿದ್ದರೆ ಕಪ್ಪಿಡುತ್ತದೆ. ಬೆಳ್ಳಿಬಣ್ಣದ ಕಲೆಯೇ ಹೆಚ್ಚು ಭಯ ಹುಟ್ಟಿಸುವಂಥದು. ದಿನವೂ ಹಳಿಯಗುಂಟ ನಡೆದು ಕಣ್ಣಿಟ್ಟು ನೋಡುವ ಗ್ಯಾಂಗ್‌ಮನ್‌ಗೂ ಅದು ಸಿಗುವಂತಿರಲಿಲ್ಲ.

ತಪ್ಪು ಯಾರದು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕಾರ್ಖಾನೆಯವರು ಕೆಟ್ಟ ಉಕ್ಕು ಕೊಡುತ್ತಿದ್ದಾರೆ ಎಂದು ರೈಲ್ವೆಗಳು ದೂರಿದವು. ಎಂಜಿನ್‌ಗಳ ತೂಕವನ್ನು ಮಿತಿಮೀರಿ ಏರಿಸಿ ಹಳಿಯನ್ನು ಜಜ್ಜುತ್ತಿದ್ದೀರಿ ಎಂದು ಕಾರ್ಖಾನೆಗಳು ತಿರುಗಿ ಹೇಳಿದವು. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು. ಅಳೆದು ತೋರಿಸುವವರು ಬೇಕಾಗಿತ್ತು.

ಅಳೆಯುವ ಕೆಲಸಕ್ಕೆ ಅಡಿಪಾಯ ಹಾಕಿದವರು ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆರ್ಥರ್ ಟಾಲ್ಬಟ್ (1857–1942). ರೈಲ್ವೆ ಎಂಜಿನಿಯರುಗಳ ಮತ್ತು ಸಿವಿಲ್ ಎಂಜಿನಿಯರುಗಳ ಸಂಘಗಳು ಕೂಡಿ ರಚಿಸಿದ ಸಮಿತಿಯ ಅಧ್ಯಕ್ಷರಾಗಿ ಅವರು ಓಡುವ ಗಾಡಿಯ ಕೆಳಗೆ ಹಳಿ, ಸ್ಲೀಪರ್, ಜಲ್ಲಿ ಇವೆಲ್ಲ ಎಷ್ಟೆಷ್ಟು ಒತ್ತಡ ತಾಳುತ್ತವೆ ಎಂದು ಅಳೆಸಿದರು. ಮೊದಲ ವರದಿ 1918ರಲ್ಲಿ ಬಂತು. ಅದುವರೆಗೆ ಅಂದಾಜಿನ ಮೇಲೆ ನಡೆಯುತ್ತಿದ್ದ ಹಳಿ ವಿನ್ಯಾಸಕ್ಕೆ ಲೆಕ್ಕದ ಆಧಾರ ಸಿಕ್ಕಿದ್ದು ಆಗ.

ಬಿರುಕಿನ ಸಮಸ್ಯೆಯನ್ನೇ ಕೈಗೆತ್ತಿಕೊಂಡವರು ಅಲ್ಲಿನ ಇನ್ನೊಬ್ಬ ಪ್ರಾಧ್ಯಾಪಕ ಹರ್ಬರ್ಟ್ ಮೂರ್. ಮತ್ತೆ ಮತ್ತೆ ಬೀಳುವ ಹೊರೆಯಿಂದ ಲೋಹ ದಣಿದು ಮುರಿಯುವ ಬಗೆಯನ್ನು ಅವರು 1919ರಿಂದಲೇ ಅಭ್ಯಾಸ ಮಾಡುತ್ತಿದ್ದರು. 1931ರಲ್ಲಿ ಆರಂಭವಾದ ಹಳಿಬಿರುಕಿನ ಜಂಟಿ ಸಂಶೋಧನೆ ಅವರ ನೇತೃತ್ವಕ್ಕೆ ಬಂತು. ಅದರ ಖರ್ಚನ್ನು ಜಗಳವಾಡುತ್ತಿದ್ದ ರೈಲ್ವೆಗಳೂ ಹಳಿ ತಯಾರಕರೂ ಕೂಡಿಯೇ ಹೊತ್ತರು. ಈ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚತಕ್ಕದ್ದು ಇದೇ ಏರ್ಪಾಡು. ಎರಡೂ ಪಕ್ಷದವರು ಒಪ್ಪುವ ಉತ್ತರ ಯಾರ ಪಕ್ಷಕ್ಕೂ ಸೇರದ ಪ್ರಯೋಗಶಾಲೆಯಿಂದಲೇ ಬರಬೇಕಿತ್ತು.

ಮೂರ್ ಅವರ ತಂಡ ಹಳಿಯನ್ನು ಕೊಯ್ದು, ಕೊಯ್ದ ಮುಖವನ್ನು ಬಿಸಿ ಆಮ್ಲದಲ್ಲಿ ಅದ್ದಿತು. ಆಮ್ಲ ತಿಂದ ಮೇಲೆ ಹಲವು ಹಳಿಗಳ ತಲೆಯೊಳಗೆ ಕೂದಲೆಳೆಯಂಥ ಸಣ್ಣ ಬಿರುಕುಗಳು ಎದ್ದು ಕಂಡವು. ಇವು ಒಂದೇ ಒಂದು ಗಾಡಿಯೂ ಹಾಯದ ಹೊಸ ಹಳಿಯಲ್ಲೂ ಇದ್ದವು. ಇನ್ನೊಂದು ಪ್ರಯೋಗದಲ್ಲಿ, ಭಾರ ಹೊತ್ತ ಚಕ್ರವೊಂದನ್ನು ಹಳಿಯ ತುಂಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸುವ ಯಂತ್ರ ಕಟ್ಟಿದರು. ಎಳೆಬಿರುಕುಗಳಿದ್ದ ತುಂಡುಗಳಲ್ಲಿ ಅಡ್ಡಬಿರುಕು ಬೆಳೆಯಿತು, ದಾರಿಯಲ್ಲಿ ಮುರಿದ ಹಳಿಯಲ್ಲಿ ಕಾಣುವಂಥದೇ. ಬೀಜ ಬಿದ್ದದ್ದು ಕಾರ್ಖಾನೆಯಲ್ಲಿ. ಬೆಳೆಸಿದ್ದು ಚಕ್ರದ ಹೊರೆ.

ಬೀಜಕ್ಕೆ ಕಾರಣ ಹೈಡ್ರೋಜನ್. ಕುಲುಮೆಗೆ ಸೇರುವ ತೇವ ಮತ್ತು ತುಕ್ಕಿನಿಂದ ಅದು ಕರಗಿದ ಉಕ್ಕಿನೊಳಗೆ ಹೊಗುತ್ತದೆ. ಉಕ್ಕು ತಣಿದಂತೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಹಳಿ ಬೇಗ ತಣಿದರೆ ಹೈಡ್ರೋಜನ್‌ಗೆ ಹೊರಬರಲು ಸಮಯ ಸಾಲದು. ಒಳಗೇ ಸಿಕ್ಕಿಬಿದ್ದು ಉಕ್ಕನ್ನು ಪೆಡಸು ಮಾಡಿ ಸೀಳುತ್ತದೆ. ಅರ್ಬಾನಾದಲ್ಲಿ ಇದೇ ಸಂಶೋಧನೆಯಲ್ಲಿದ್ದ ಕ್ರೇಮರ್ ಎಂಬುವರು ಮತ್ತು ಸಂಗಡಿಗರು ಬಿಸಿ ಉಕ್ಕಿಗೆ ಹೈಡ್ರೋಜನ್ ಉಣ್ಣಿಸಿ ಇಂಥ ಬಿರುಕುಗಳನ್ನು ತಾವೇ ಹುಟ್ಟಿಸಿ ತೋರಿಸಿದರು.

ಪರಿಹಾರ ಸರಳವಾಗಿತ್ತು: ನಿಧಾನ. ಕೆನಡಾದ ಸಿಡ್ನಿಯ ಉಕ್ಕಿನ ಕಾರ್ಖಾನೆಯಲ್ಲಿ ಮ್ಯಾಕಿ ಎಂಬುವರು ರೂಪಿಸಿದ ಕ್ರಮದಲ್ಲಿ, ಹಳಿಗಳನ್ನು ಇನ್ನೂ ಬಿಸಿಯಿರುವಾಗಲೇ ಶಾಖ ಹೊರಹೋಗದ ಪೆಟ್ಟಿಗೆಗಳಲ್ಲಿ ಒಟ್ಟಿ ಮುಚ್ಚಳ ಹಾಕುತ್ತಿದ್ದರು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ, ಹತ್ತು ಗಂಟೆಗೂ ಹೆಚ್ಚು ಕಾಲ, ಅವು ಅಲ್ಲೇ ಇರಬೇಕು. ಇಲಿನಾಯ್‌ನ ಪರೀಕ್ಷೆಗಳಲ್ಲಿ ಇಂಥ ಹಳಿಗಳು ಗೆದ್ದವು. 1930ರ ದಶಕದ ನಡುವಿನಿಂದ ಅಮೆರಿಕದ ಕಾರ್ಖಾನೆಗಳು ಈ ಕ್ರಮ ಹಿಡಿದವು. ಆಮೇಲೆ ತಯಾರಾದ ಹಳಿಗಳಲ್ಲಿ ಈ ಬಗೆಯ ಅಡ್ಡಬಿರುಕು ಅಪರೂಪವಾಯಿತು.

ಆದರೆ ಆಗಲೇ ದಾರಿಯಲ್ಲಿ ಹಾಸಿದ್ದ ಹಳೆಯ ಹಳಿಗಳನ್ನು ಕಿತ್ತೆಸೆಯುವಂತಿರಲಿಲ್ಲ. ಅವನ್ನು ಕಾಯಲು ಎಲ್ಮರ್ ಸ್ಪೆರಿ ರೂಪಿಸಿದ, 1928ರಲ್ಲಿ ಕೆಲಸಕ್ಕಿಳಿದ ಪತ್ತೆಗಾಡಿ ನೆರವಾಯಿತು. ಹಳಿಯಲ್ಲಿ ವಿದ್ಯುತ್ ಹರಿಸಿ, ಬಿರುಕಿದ್ದಲ್ಲಿ ಕಾಂತಕ್ಷೇತ್ರ ಏರುಪೇರಾಗುವುದನ್ನು ಅದು ಹಿಡಿಯುತ್ತಿತ್ತು. ಮುಂದೆ ಕ್ರೇಮರ್ ಅವರ ಗಮನ ಚಕ್ರ ಉಜ್ಜುವೆಡೆ ಹಳಿಯ ಮೇಲ್ಪದರ ಚಕ್ಕೆಯೇಳುವ ತೊಂದರೆಯತ್ತ ಹೊರಳಿತು. ಅದಕ್ಕೆ ನಿಧಾನವಾಗಿ ತಣಿಸುವುದು ಮದ್ದಾಗಲಿಲ್ಲ, ಏಕೆಂದರೆ ಅದರ ಹುಟ್ಟು ಮೇಲ್ಮೈಯ ಹತ್ತಿರದಲ್ಲೇ.

ಇಂದು ಹೈಡ್ರೋಜನ್ನನ್ನು ಉಕ್ಕು ದ್ರವವಾಗಿರುವಾಗಲೇ ನಿರ್ವಾತದಲ್ಲಿ ಹೀರಿ ತೆಗೆಯುತ್ತಾರೆ. ಭಾರತೀಯ ರೈಲ್ವೆಯ ಹಳಿ ಮಾನಕದಲ್ಲಿ ಅದಕ್ಕೆ ಹತ್ತು ಲಕ್ಷ ಪಾಲಿಗೆ 1.6 ಪಾಲಿನ ಮಿತಿಯಿದೆ. ಹಾಸಿದ ಹಳಿಗಳನ್ನು ಶ್ರವಣಾತೀತ ಧ್ವನಿಯ ಯಂತ್ರಗಳಿಂದ ಗೊತ್ತಾದ ಅವಧಿಗೊಮ್ಮೆ ತಪಾಸಣೆ ಮಾಡುತ್ತಾರೆ.