ಉಯಿಲಿನಲ್ಲಿ ಇಲ್ಲದ ಹೆಸರು

ಭಾಗ 1

ಒಂದು ಮನೆತನದ ಕಥೆ ಹುಡುಕಬೇಕು ಅಂದ್ರೆ ನೀವು ಎಲ್ಲಿಂದ ಶುರು ಮಾಡ್ತೀರಿ? ಅಜ್ಜಿಯನ್ನ ಕೇಳ್ತೀರಿ, ಹಳೇ ಫೋಟೋ ತೆಗೀತೀರಿ. ಅಜ್ಜಿಗೂ ಗೊತ್ತಿಲ್ಲದಷ್ಟು ಹಿಂದೆ ಹೋಗಬೇಕಾದರೆ ಉಳಿಯೋದು ಒಂದೇ, ಆಸ್ತಿ ಕಾಗದ. ಪಾಲುಪತ್ರ, ಕ್ರಯಪತ್ರ, ಉಯಿಲು. (ಈ 'ಉಯಿಲು' ಇದೆಯಲ್ಲ, ಅದು ಇಂಗ್ಲಿಷಿನ 'ವಿಲ್' ನಮ್ಮ ಬಾಯಿಗೆ ಬಿದ್ದು ಆದ ಪದ. ಅಚ್ಚಗನ್ನಡ ಅಂದುಕೊಂಡಿದ್ದವರು ಕ್ಷಮಿಸಿ.)

ಆಸ್ತಿ ಕಾಗದಕ್ಕೆ ಒಂದು ಗುಣ ಇದೆ. ಅದರಲ್ಲಿ 'ಇವರು ನನಗೆ ಇಂಥವರಾಗಬೇಕು' ಅಂತ ಬರೆಯಲೇಬೇಕು. ಮಗ, ಮಗಳು, ತಮ್ಮನ ಹೆಂಡತಿ, ಅಳಿಯ. ಹಾಗಾಗಿ ಇತಿಹಾಸಕಾರರಿಗೆ ಅದು ವಂಶವೃಕ್ಷ ಇದ್ದ ಹಾಗೆ.

ಆದರೆ ಈ ಸರಣಿಯಲ್ಲಿ ನಾವು ಹುಡುಕ್ತಿರೋ ಮನೆತನದ ಹೆಸರು ಉಯಿಲುಗಳಲ್ಲಿ ಬರೋದು ವಾರಸುದಾರರ ಕಡೆ ಅಲ್ಲ, ಆಸ್ತಿಯ ಕಡೆ. ಹೊಲ, ಕುದುರೆ, ಹಾಸಿಗೆ, ಅದರ ಜೊತೆಗೆ ಇವರ ಹೆಸರು. ಇಂಗ್ಲೆಂಡಿನ ವಸಾಹತಾಗಿದ್ದ ಅಮೆರಿಕದ ವರ್ಜೀನಿಯಾದಲ್ಲಿ ಗುಲಾಮರಾಗಿದ್ದ ಹೆಮಿಂಗ್ಸ್ ಕುಟುಂಬ ಇದು. ಎಲ್ಲರಿಗೂ ಗೊತ್ತಿರೋದು ಸ್ಯಾಲಿ ಹೆಮಿಂಗ್ಸ್ ಹೆಸರು ಮಾತ್ರ. ಅದೂ ಆಕೆಯ ಯಜಮಾನ, ಅಮೆರಿಕದ 3ನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನಿಂದಾಗಿ. ನಾವು ಆಕೆಯ ತಾಯಿಯಿಂದ ಶುರು ಮಾಡೋಣ.

ಭಾಗ 2

ತಾಯಿಯ ಹೆಸರು ಎಲಿಜಬೆತ್, ಎಲ್ಲರೂ ಕರೀತಿದ್ದದ್ದು ಬೆಟ್ಟಿ. ಹುಟ್ಟಿದ್ದು ಸುಮಾರು 1735ರಲ್ಲಿ. ಮನೆಯವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಪ್ರಕಾರ ಅಮ್ಮ ಆಫ್ರಿಕಾದವಳು, ಅಪ್ಪ ಹೆಮಿಂಗ್ಸ್ ಅನ್ನೋ ಇಂಗ್ಲಿಷ್ ಹಡಗಿನ ಕ್ಯಾಪ್ಟನ್. ಮಗುವನ್ನ ಕೊಂಡುಕೊಳ್ತೀನಿ ಅಂತ ಆತ ಕೇಳಿದನಂತೆ, ಯಜಮಾನ ಕೊಡಲಿಲ್ಲವಂತೆ.

ಅಪ್ಪ ಬಿಳಿಯ ಆದರೆ ಮಗು ಯಾಕೆ ಗುಲಾಮ? ಇಲ್ಲಿ 1662ರ ವರ್ಜೀನಿಯಾ ಕಾನೂನು ಗೊತ್ತಿರಬೇಕು. ಮಗುವಿನ ಸ್ಥಿತಿ ತಾಯಿಯ ಸ್ಥಿತಿ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರೇ ಆಗಿರಲಿ. ಇಂಗ್ಲೆಂಡಿನಲ್ಲಿ ಎಲ್ಲವೂ ಅಪ್ಪನ ಕಡೆಯಿಂದ ಬರ್ತಿತ್ತು. ವರ್ಜೀನಿಯಾದ ಜಮೀನ್ದಾರರು ಈ ಒಂದು ವಿಷಯದಲ್ಲಿ ಮಾತ್ರ ಅದನ್ನ ತಲೆಕೆಳಗು ಮಾಡಿದರು. ಲಾಭ ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ದಾಖಲೆ ಓದೋರಿಗೂ ಇದರಿಂದ ಒಂದು ವಿಚಿತ್ರ ಪರಿಣಾಮ ಆಯ್ತು: ಗುಲಾಮರ ಪಟ್ಟಿಗಳಲ್ಲಿ ಮಕ್ಕಳು ಅಮ್ಮನ ಹೆಸರಿನ ಕೆಳಗೆ ಬರ್ತಾರೆ. ಬಿಳಿಯರ ದಾಖಲೆಗಳಲ್ಲಿ ಹೆಂಗಸರು ಕಾಣೆಯಾಗ್ತಾರೆ, ಇವುಗಳಲ್ಲಿ ಅಪ್ಪಂದಿರು ಕಾಣೆಯಾಗ್ತಾರೆ.

1746ರಲ್ಲಿ ಮಾರ್ಥಾ ಎಪ್ಸ್ ಅನ್ನೋ ಜಮೀನ್ದಾರರ ಮಗಳು ಜಾನ್ ವೇಲ್ಸ್ ಅನ್ನೋ ವಕೀಲನನ್ನ ಮದುವೆಯಾದಳು. ಮದುವೆ ಒಪ್ಪಂದದ ಪತ್ರದ ಮೂಲಕ ಬೆಟ್ಟಿ ಆ ಮನೆಗೆ ಹೋದಳು. ವಯಸ್ಸು 11ರ ಆಸುಪಾಸು. ವೇಲ್ಸ್‌ಗೆ ಮೂರು ಮದುವೆಯಾಯ್ತು, ಮೂವರು ಹೆಂಡತಿಯರೂ ತೀರಿಕೊಂಡರು. ಆಮೇಲೆ ಬೆಟ್ಟಿಗೆ ಅವನಿಂದ ಆರು ಮಕ್ಕಳು: ರಾಬರ್ಟ್, ಜೇಮ್ಸ್, ಥೀನಿಯಾ, ಕ್ರಿಟಾ, ಪೀಟರ್, ಕೊನೆಯವಳು ಸ್ಯಾಲಿ. ಬೇರೆಯವರಿಂದ ಆದ ಮಕ್ಕಳೂ ಇದ್ದರು. ಹಿರಿಯ ಮಗಳು ಮೇರಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತಾಳೆ.

ಭಾಗ 3

ಸ್ಯಾಲಿ ಹುಟ್ಟಿದ 1773ರಲ್ಲೇ ವೇಲ್ಸ್ ಸತ್ತ. ಮರುವರ್ಷ ಜನವರಿಯಲ್ಲಿ ಆಸ್ತಿ ಪಾಲಾಯ್ತು.

ಅವನ ಮಗಳು ಮಾರ್ಥಾ (ಅಮ್ಮನ ಹೆಸರೇ ಮಗಳಿಗೆ) ಅಷ್ಟರಲ್ಲಿ ಜೆಫರ್ಸನ್‌ನ ಹೆಂಡತಿ. ಅವಳ ಪಾಲಿಗೆ ಸುಮಾರು 11,000 ಎಕರೆ ಜಮೀನು, 135 ಜನ ಗುಲಾಮರು, ಜೊತೆಗೆ ಅಪ್ಪ ಇಂಗ್ಲೆಂಡಿನ ವ್ಯಾಪಾರಿಗಳಿಗೆ ಕೊಡಬೇಕಿದ್ದ ದೊಡ್ಡ ಸಾಲದಲ್ಲಿ ಒಂದು ಭಾಗ ಬಂತು. ಆ 135 ಜನರಲ್ಲಿ ಬೆಟ್ಟಿ ಮತ್ತು ಮಕ್ಕಳೂ ಸೇರಿದ್ದರು. ಬಿಡಿಸಿ ಹೇಳಿದರೆ, ಮಾರ್ಥಾಗೆ ಪಿತ್ರಾರ್ಜಿತವಾಗಿ ಬಂದದ್ದು ತನ್ನದೇ ತಂದೆಯ ಮಕ್ಕಳು. ತಮ್ಮಂದಿರು, ತಂಗಿಯರು.

ಪಾಲುಪತ್ರದಲ್ಲಿ 'ತಂಗಿ' ಅಂತ ಎಲ್ಲಿಯಾದರೂ ಬರೆದಿರುತ್ತಾ? ಇಲ್ಲ. ನಮ್ಮ ಕಡೆ ಮನೆ ಪಾಲಾದಾಗ ಯಾರಿಗೆ ಯಾವ ಹೊಲ, ಯಾವ ಎತ್ತು, ಎಷ್ಟು ಕೊಳಗ ಅಂತ ಬರೀತಾರಲ್ಲ, ಹಾಗೆ ಬರೀ ಹೆಸರು.

1774ರಿಂದ ಜೆಫರ್ಸನ್ ಒಂದು ಲೆಕ್ಕದ ಪುಸ್ತಕ ಇಟ್ಟ. ಇತಿಹಾಸಕಾರರು ಅದನ್ನ 'ಫಾರ್ಮ್ ಬುಕ್' ಅಂತಾರೆ. ಮೂಲ ಪ್ರತಿ ಇವತ್ತು ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಪುಟಗಳ ಚಿತ್ರಗಳನ್ನ ನೀವು ಆನ್‌ಲೈನ್‌ನಲ್ಲೇ ನೋಡಬಹುದು, ನೋಡಲೇಬೇಕು. ಮುದ್ದಾದ ಕೈಬರಹ, ಗೆರೆ ಎಳೆದ ಹಾಗೆ ಸಾಲು. ಯಾರಿಗೆ ಎಷ್ಟು ಗಜ ಬಟ್ಟೆ, ಯಾರಿಗೆ ಕಂಬಳಿ, ಯಾರಿಗೆ ಮೀನು, ಯಾರು ಯಾವ ವರ್ಷ ಹುಟ್ಟಿದರು. ಬರೆದವನ ಉದ್ದೇಶ ಜಮೀನಿನ ಲೆಕ್ಕ. ಆದರೆ ಬಟ್ಟೆಯ ಪಟ್ಟಿಯನ್ನ ಕಂಬಳಿಯ ಪಟ್ಟಿಯ ಪಕ್ಕದಲ್ಲಿಟ್ಟು ವರ್ಷ ವರ್ಷ ಓದ್ತಾ ಹೋದರೆ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ಮಗು ಮುಂದಿನ ಪಟ್ಟಿಯಲ್ಲಿ ಇಲ್ಲ, ಎಲ್ಲ ಕಾಣುತ್ತೆ. ಇವತ್ತು ಆ ಮನೆತನದ ವಂಶವೃಕ್ಷ ಕಟ್ಟಿರೋದರಲ್ಲಿ ದೊಡ್ಡ ಪಾಲು ಈ ಲೆಕ್ಕದ ಪುಸ್ತಕದ್ದು.

ಕುಟುಂಬದವರು ತಾವೇ ಬರೆದದ್ದು ತೀರಾ ಅಪರೂಪ. ಸ್ಯಾಲಿಯ ಅಣ್ಣ ಜೇಮ್ಸ್ 1784ರಲ್ಲಿ ಜೆಫರ್ಸನ್ ಜೊತೆ ಪ್ಯಾರಿಸ್‌ಗೆ ಹೋಗಿ ಫ್ರೆಂಚ್ ಅಡುಗೆ ಕಲಿತು ಬಂದವನು. ಮಾಂಟಿಸೆಲೊದಲ್ಲಿ (ಇದು ಜೆಫರ್ಸನ್‌ನ ಬೆಟ್ಟದ ಮನೆ) ಇನ್ನೊಬ್ಬನಿಗೆ ಆ ಕೆಲಸ ಕಲಿಸಿಕೊಟ್ಟರೆ ಬಿಡುಗಡೆ ಅಂತ ಕರಾರು. ಕಲಿಸಿದ, 1796ರಲ್ಲಿ ಬಿಡುಗಡೆಯಾದ. ಹೋಗೋ ಮುಂಚೆ ಅಡುಗೆಮನೆಯ ಪಾತ್ರೆಗಳ ಪಟ್ಟಿ ಬರೆದುಕೊಟ್ಟ. ಆ ಹಾಳೆ ಉಳಿದಿದೆ. ಆವರೆಗೆ ಬೇರೆಯವರ ಪಟ್ಟಿಯಲ್ಲಿದ್ದವನು ತನ್ನ ಕೈಯಾರೆ ಬರೆದ ಪಟ್ಟಿ. ಐದು ವರ್ಷದಲ್ಲಿ ಆತ ತೀರಿಕೊಂಡ.

ಭಾಗ 4

ಈಗ ಎರಡು ಉಯಿಲು ಪಕ್ಕಪಕ್ಕ ಇಟ್ಟು ಓದೋಣ.

ಮೊದಲನೆಯದು ಷಾರ್ಲಟ್ಸ್‌ವಿಲ್ ಊರಿನ ವ್ಯಾಪಾರಿ ಥಾಮಸ್ ಬೆಲ್‌ನದು. ಬೆಟ್ಟಿಯ ಹಿರಿಯ ಮಗಳು ಮೇರಿಯನ್ನ ಜೆಫರ್ಸನ್ ಇವನ ಮನೆಗೆ ಬಾಡಿಗೆಗೆ ಕಳಿಸಿದ್ದ. (ಹೌದು, ಜನರನ್ನ ಬಾಡಿಗೆಗೆ ಕೊಡ್ತಿದ್ದರು.) ಅವರಿಬ್ಬರಿಗೆ ಇಬ್ಬರು ಮಕ್ಕಳಾದರು. 1792ರಲ್ಲಿ ಮೇರಿ ತಾನಾಗಿ ಕೇಳಿಕೊಂಡಳು, ನನ್ನನ್ನ ಬೆಲ್‌ಗೇ ಮಾರಿಬಿಡಿ ಅಂತ. ಜೆಫರ್ಸನ್ ಒಪ್ಪಿದ, ಬೆಲ್‌ನ ಇಬ್ಬರು ಮಕ್ಕಳನ್ನೂ ಕೊಟ್ಟ. ಮೊದಲು ಹುಟ್ಟಿದ್ದ ಜೋಸೆಫ್ ಮತ್ತು ಬೆಟ್ಸಿಯನ್ನ ಮಾತ್ರ ಕೊಡಲಿಲ್ಲ. ಜೋಸೆಫ್‌ಗೆ ಆಗ 12 ವರ್ಷ. 1800ರಲ್ಲಿ ಬೆಲ್ ಸತ್ತಾಗ ಅವನ ಉಯಿಲು ಮೇರಿಗೂ ಆ ಇಬ್ಬರು ಮಕ್ಕಳಿಗೂ ಆಸ್ತಿ ಕೊಟ್ಟಿತು. ಹೆಮಿಂಗ್ಸ್ ಹೆಂಗಸೊಬ್ಬಳು ಉಯಿಲಿನಲ್ಲಿ ಆಸ್ತಿಯ ಸಾಲಿನಿಂದ ವಾರಸುದಾರರ ಸಾಲಿಗೆ ದಾಟಿದಳು.

ಎರಡನೆಯದು ಜೆಫರ್ಸನ್‌ನದು. 1826ರ ಮಾರ್ಚ್‌ನಲ್ಲಿ ಬರೆದದ್ದು. ಸತ್ತದ್ದು ಅದೇ ವರ್ಷ ಜುಲೈ 4. ಉಯಿಲಿಗೆ ಸೇರಿಸಿದ ಪುರವಣಿಯಲ್ಲಿ ಐದು ಜನರಿಗೆ ಬಿಡುಗಡೆ. ಐವರೂ ಬೆಟ್ಟಿಯ ಮಕ್ಕಳು ಮೊಮ್ಮಕ್ಕಳೇ: ಬರ್ವೆಲ್ ಕೋಲ್ಬರ್ಟ್, ಬಡಗಿ ಜಾನ್ ಹೆಮಿಂಗ್ಸ್, ಕಮ್ಮಾರ ಜೋಸೆಫ್ ಫಾಸೆಟ್ (ಮೇರಿಯ ಮಗ, ಅದೇ 12 ವರ್ಷದ ಹುಡುಗ), ಆಮೇಲೆ ಜಾನ್‌ನ ಕೈಕೆಳಗೆ ಕೆಲಸ ಕಲಿತಿದ್ದ ಮ್ಯಾಡಿಸನ್ ಮತ್ತು ಎಸ್ಟನ್. ಈ ಕೊನೆಯ ಇಬ್ಬರು ಸ್ಯಾಲಿಯ ಮಕ್ಕಳು, 21 ತುಂಬಿದಾಗ ಬಿಡುಗಡೆ.

ಓದ್ತಾ ಹೋದರೆ ಉದಾರವಾಗೇ ಕಾಣುತ್ತೆ. ಬರ್ವೆಲ್‌ಗೆ 300 ಡಾಲರ್. ಜಾನ್‌ಗೂ ಜೋಸೆಫ್‌ಗೂ ಅವರವರ ಉಪಕರಣ. ಮೂವರಿಗೂ ಒಂದೊಂದು ಮರದ ಮನೆ, ಒಂದೊಂದು ಎಕರೆ, ಬದುಕಿರೋವರೆಗೆ. ಬಿಡುಗಡೆಯಾದ ಗುಲಾಮರು ಒಂದು ವರ್ಷದೊಳಗೆ ರಾಜ್ಯ ಬಿಡಬೇಕು ಅನ್ನೋ 1806ರ ಕಾನೂನು ಇತ್ತಲ್ಲ, ಇವರಿಗೆ ಅದರಿಂದ ವಿನಾಯಿತಿ ಕೊಡಿ ಅಂತ ಶಾಸನಸಭೆಗೆ ವಿನಂತಿಯೂ ಇದೆ. ಆಮೇಲೆ ಒಂದು ಮಾತು: ಆ ಮನೆಗಳು ಅವರ ಹೆಂಡತಿಯರು ಇರೋ ಜಾಗಕ್ಕೆ ಅನುಕೂಲವಾಗಿರಬೇಕು.

ಹೆಂಡತಿಯರಿಗೆ ಬಿಡುಗಡೆ ಇಲ್ಲ. ಮಕ್ಕಳಿಗೂ ಇಲ್ಲ. ಸ್ಯಾಲಿಯ ಹೆಸರಂತೂ ಇಡೀ ಉಯಿಲಿನಲ್ಲೇ ಇಲ್ಲ.

ಭಾಗ 5

ಜೆಫರ್ಸನ್ ಬಿಟ್ಟು ಹೋದ ಸಾಲ 1,07,000 ಡಾಲರಿಗೂ ಮೇಲೆ. 1827ರ ಜನವರಿ 15ಕ್ಕೆ ಹರಾಜು. ಜಾಹೀರಾತಿನಲ್ಲಿ 130 ಜನ ಗುಲಾಮರು, ಜೊತೆಗೆ ದನಕರು, ಮನೆಸಾಮಾನು.

ಜೋಸೆಫ್‌ನ ಹೆಂಡತಿ ಈಡಿತ್ ಮಾಂಟಿಸೆಲೊದ ಮುಖ್ಯ ಅಡುಗೆಯವಳು. ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಬಾಣಸಿಗನ ಹತ್ತಿರ ಪಳಗಿದ ಕೈ. ಅವಳೂ ಮಕ್ಕಳೂ ಆ ಹರಾಜಿನಲ್ಲಿ ನಿಂತರು. ಉಯಿಲನ್ನ ಇನ್ನೊಮ್ಮೆ ನೋಡಿ: ಜೋಸೆಫ್‌ಗೆ ಬಿಡುಗಡೆ ಜೆಫರ್ಸನ್ ಸತ್ತು ಒಂದು ವರ್ಷ ಆದ ಮೇಲೆ. ಅಂದ್ರೆ 1827ರ ಜುಲೈ. ಹರಾಜು ಜನವರಿಯಲ್ಲಿ. ಹೆಂಡತಿ ಮಕ್ಕಳನ್ನ ಕೂಗ್ತಿರುವಾಗ ಕಾನೂನಿನ ಲೆಕ್ಕದಲ್ಲಿ ಅವನು ಇನ್ನೂ ಗುಲಾಮ. ಕೈಯಲ್ಲಿ ಕಾಸಿದ್ದರೂ ಅವನ ಹೆಸರಲ್ಲಿ ಕೊಳ್ಳೋ ಹಾಗಿಲ್ಲ. ಮಕ್ಕಳು ಬೇರೆ ಬೇರೆಯವರ ಪಾಲಾದರು.

ಈಡಿತ್ ಮತ್ತು ಚಿಕ್ಕ ಮಕ್ಕಳನ್ನ ಕೊಂಡವನು ಜೆಸ್ಸಿ ಸ್ಕಾಟ್. ಯಾರಿವನು? ಮೇರಿಗೆ ಬೆಲ್‌ನಿಂದ ಹುಟ್ಟಿದ ಮಗಳ ಗಂಡ, ಜೋಸೆಫ್‌ನ ಭಾವ. 27 ವರ್ಷದ ಹಿಂದೆ ಉಯಿಲಿನಲ್ಲಿ ಆಸ್ತಿ ಪಡೆದಿದ್ದ ಮನೆ. ನನಗೆ ಈ ಇಡೀ ದಾಖಲೆಗಳ ರಾಶಿಯಲ್ಲಿ ತುಂಬಾ ಮುಖ್ಯ ಅನ್ನಿಸೋದು ಈ ಕೊಂಡಿ. ಎರಡು ಉಯಿಲನ್ನೂ ಬೇರೆ ಬೇರೆ ಓದಿದರೆ ಇದು ಕಾಣೋದೇ ಇಲ್ಲ.

ಜೋಸೆಫ್ ಕಮ್ಮಾರಿಕೆ ಮಾಡಿ ದುಡ್ಡು ಕೂಡಿಸಿದ. 1837ರಲ್ಲಿ ಒಂದು ಪತ್ರ ಮಾಡಿಸಿ ಈಡಿತ್, ಐದು ಮಕ್ಕಳು, ನಾಲ್ಕು ಮೊಮ್ಮಕ್ಕಳನ್ನ ಬಿಡುಗಡೆ ಮಾಡಿದ. ಹತ್ತು ವರ್ಷ ಕಾನೂನಿನ ಪ್ರಕಾರ ಹೆಂಡತಿ ಮಕ್ಕಳು ಯಾರದ್ದೋ 'ಆಸ್ತಿ'ಯಾಗೇ ಇದ್ದರು. ಮಗ ಪೀಟರ್ ಆ ಪತ್ರದಲ್ಲಿ ಇಲ್ಲ. 11ನೇ ವಯಸ್ಸಿಗೆ ಮಾರಾಟವಾದವನು ಬಿಡುಗಡೆಯಾದದ್ದು ಸುಮಾರು 1850ಕ್ಕೆ. ಆಮೇಲೆ ಸಿನ್ಸಿನಾಟಿಯಲ್ಲಿ ಪಾದ್ರಿಯಾದ. 1900ರಲ್ಲಿ, ಮುದುಕನಾದ ಮೇಲೆ, ಒಮ್ಮೆ ಮಾಂಟಿಸೆಲೊ ನೋಡಿಕೊಂಡು ಬಂದ.

ಭಾಗ 6

ಸ್ಯಾಲಿ ಎಲ್ಲಿ ಹೋದಳು?

1873ರಲ್ಲಿ ಓಹಾಯೊ ರಾಜ್ಯದ ಒಂದು ಪತ್ರಿಕೆಯಲ್ಲಿ ಆಕೆಯ ಮಗ ಮ್ಯಾಡಿಸನ್ ತನ್ನ ಬದುಕಿನ ಕಥೆ ಹೇಳಿದ. ತನ್ನ ತಂದೆ ಜೆಫರ್ಸನ್. ಪ್ಯಾರಿಸ್‌ನಲ್ಲಿದ್ದರೆ ತನ್ನ ಅಮ್ಮ ಸ್ವತಂತ್ರಳಾಗಿ ಉಳೀಬಹುದಿತ್ತು, ಹುಟ್ಟೋ ಮಕ್ಕಳನ್ನ 21ಕ್ಕೆ ಬಿಡುಗಡೆ ಮಾಡ್ತೀನಿ ಅಂತ ಮಾತು ಪಡೆದ ಮೇಲೇ ವಾಪಸ್ ಬಂದಳು ಅಂದ. ಬಹುಪಾಲು ಇತಿಹಾಸಕಾರರು ನೂರು ವರ್ಷಕ್ಕೂ ಮೇಲೆ ಇದನ್ನ ನಂಬಲಿಲ್ಲ. ಜೆಫರ್ಸನ್ ಮನೆಯವರು ಅವನ ತಂಗಿಯ ಮಕ್ಕಳಾದ ಕಾರ್ ಸಹೋದರರ ಕಡೆ ಬೆರಳು ತೋರಿಸಿದ್ದರು. ಆ ಮಾತಿಗೆ ಬೆಲೆ ಸಿಕ್ಕಿತು, ಮಗನ ಮಾತಿಗೆ ಸಿಗಲಿಲ್ಲ.

ಆದರೆ ಲೆಕ್ಕದ ಪುಸ್ತಕ ಮ್ಯಾಡಿಸನ್ ಕಡೆಗಿತ್ತು. ಫಾರ್ಮ್ ಬುಕ್‌ನಲ್ಲಿ ಸ್ಯಾಲಿಯ ಮಕ್ಕಳು ಹುಟ್ಟಿದ ವರ್ಷ ಇದೆ. ಜೆಫರ್ಸನ್ ಯಾವಾಗ ಎಲ್ಲಿದ್ದ ಅನ್ನೋದೂ ಅವನ ಪತ್ರಗಳಿಂದ ಗೊತ್ತು. ಎರಡನ್ನೂ ಜೋಡಿಸಿದಾಗ, ಪ್ರತಿ ಹೆರಿಗೆಗೆ ಒಂಬತ್ತು ತಿಂಗಳ ಹಿಂದೆ ಆತ ಮಾಂಟಿಸೆಲೊದಲ್ಲೇ ಇದ್ದ. ಬಿಡುಗಡೆಯ ಮಾತೂ ಹೊಂದುತ್ತೆ. ಹಿರಿಯ ಮಗ ಬೆವರ್ಲಿ, ಮಗಳು ಹ್ಯಾರಿಯೆಟ್ 1822ರ ಸುಮಾರಿಗೆ ಊರು ಬಿಟ್ಟರು, ಯಾರೂ ಹುಡುಕಲಿಲ್ಲ. ಹ್ಯಾರಿಯೆಟ್‌ಗೆ ಜೆಫರ್ಸನ್ ಹೇಳಿದಂತೆ ಗಾಡಿ ಖರ್ಚು ಮತ್ತು 50 ಡಾಲರ್ ಕೊಟ್ಟೆ ಅಂತ ಅವನ ಮೇಸ್ತ್ರಿಯೇ ಮುಂದೆ ಹೇಳಿದ್ದಾನೆ. ಉಳಿದ ಇಬ್ಬರು ಉಯಿಲಿನಲ್ಲಿ. 1998ರಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಎಸ್ಟನ್ ವಂಶದ ಗಂಡುಮಕ್ಕಳ ಗುರುತು ಜೆಫರ್ಸನ್ ವಂಶದ್ದಕ್ಕೆ ಹೊಂದಿತು, ಕಾರ್ ವಂಶದ್ದಕ್ಕೆ ಹೊಂದಲಿಲ್ಲ. ವಂಶ ಯಾವುದು ಅಂತ ಹೇಳಿದ್ದು ಡಿಎನ್‌ಎ, ಆ ವಂಶದಲ್ಲಿ ಯಾರು ಅಂತ ತೋರಿಸಿದ್ದು ಕಾಗದ. ಆನೆಟ್ ಗಾರ್ಡನ್-ರೀಡ್ ಅವರು ಈ ಕಾಗದಗಳನ್ನೆಲ್ಲ ಹಿಡಿದು ಕುಟುಂಬದ ಚರಿತ್ರೆ ಬರೆದರು, 2009ರಲ್ಲಿ ಅದಕ್ಕೆ ಪುಲಿಟ್ಜರ್ ಬಂತು.

ಇನ್ನು ಸ್ಯಾಲಿಯದೇ ಹೆಸರಿರೋ ಕಾಗದ. ಜೆಫರ್ಸನ್ ಸತ್ತ ಮೇಲೆ ಆಸ್ತಿಗೆ ಬೆಲೆ ಕಟ್ಟಿದ ಪಟ್ಟಿಯಲ್ಲಿ ಇದ್ದಾಳೆ: 50 ಡಾಲರ್. ಮಗಳ ಕೈಗೆ ದಾರಿ ಖರ್ಚಿಗೆ ಕೊಟ್ಟಷ್ಟೇ. ಅವಳನ್ನ ಹರಾಜಿಗೆ ನಿಲ್ಲಿಸಲಿಲ್ಲ, ಬಿಡುಗಡೆ ಪತ್ರವನ್ನೂ ಕೊಡಲಿಲ್ಲ. ಮಕ್ಕಳ ಜೊತೆ ಷಾರ್ಲಟ್ಸ್‌ವಿಲ್‌ಗೆ ಹೋಗಿ ಇದ್ದಳು, ಅಷ್ಟೆ. 1834ರಲ್ಲಿ ಜೆಫರ್ಸನ್ ಮಗಳು ಮಾರ್ಥಾ ರ‍್ಯಾಂಡಾಲ್ಫ್ ತನ್ನ ಉಯಿಲು ಬರೆದಳು. ಅದರಲ್ಲಿ ಒಂದು ಸಾಲು, ಸ್ಯಾಲಿ ಮತ್ತು ಇನ್ನಿಬ್ಬರ ಸಮಯವನ್ನ ಅವರಿಗೇ ಬಿಟ್ಟುಕೊಡಿ ಅಂತ ಮಕ್ಕಳಿಗೆ. ಬಿಡುಗಡೆ ಪತ್ರ ಕೊಟ್ಟರೆ ಅವರು ವರ್ಜೀನಿಯಾ ಬಿಡಬೇಕಾಗುತ್ತೆ, ಅದಕ್ಕೆ. ಬರೆದವಳಿಗೆ ಸ್ಯಾಲಿ ಏನಾಗಬೇಕು? ಅಮ್ಮನ ತಂಗಿ, ಚಿಕ್ಕಮ್ಮ.

ಅದಕ್ಕೆ ಒಂದು ವರ್ಷ ಮುಂಚೆ, 1833ರಲ್ಲಿ, ಊರಿನಲ್ಲಿ ಒಂದು ವಿಶೇಷ ಜನಗಣತಿ ನಡೆದಿತ್ತು. ಯಾವ ಪತ್ರವೂ ಇಲ್ಲದ ಸ್ಯಾಲಿ ಹೆಮಿಂಗ್ಸ್ ಅದರಲ್ಲಿ ಸ್ವತಂತ್ರಳು ಅಂತ ದಾಖಲಾಗಿದ್ದಾಳೆ.