ಒಂದು ನಿಮಿಷದ ಮೌನ ಮತ್ತು ನಮ್ಮ ಸಗರನಾಡಿನ ಕಲ್ಲುಗಳು

ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇದ್ದ ವಿಷಯ ಇದು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಯಾವುದೇ ಸಭೆಗೆ ಹೋಗಿ. ಕ್ಲಬ್ಬಿರಲಿ, ಸಂಘ ಇರಲಿ, ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆ ಇರಲಿ. "ಈ ವರ್ಷ ನಮ್ಮನ್ನಗಲಿದ ಸದಸ್ಯರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಆಚರಿಸೋಣ" ಅಂತಾರೆ. ಕುರ್ಚಿ ಸರಿಯುವ ಸದ್ದು. ಎಲ್ಲರೂ ಎದ್ದು ತಲೆ ಬಗ್ಗಿಸ್ತಾರೆ. ನಿಜ ಹೇಳಿ, ಆ ನಿಮಿಷ ಯಾವತ್ತಾದರೂ ಪೂರ್ತಿ ಅರವತ್ತು ಸೆಕೆಂಡ್ ಇದ್ದದ್ದು ನೋಡಿದ್ದೀರಾ? ಇಪ್ಪತ್ತು ಇಪ್ಪತ್ತೈದಕ್ಕೆಲ್ಲಾ ಯಾರೋ ಕೆಮ್ಮಿ "ಧನ್ಯವಾದ" ಅಂದುಬಿಡ್ತಾರೆ. ಮುಂದೆ ಲೆಕ್ಕಪತ್ರ, ಆಮೇಲೆ ಉಪ್ಪಿಟ್ಟು, ಚಹಾ.

ಈ ಮೌನ ನಮ್ಮ ಹಳೇ ಸಂಪ್ರದಾಯ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಮೊದಲ ಮಹಾಯುದ್ಧ ನಡೀತಿದ್ದಾಗ, 1918ರ ಮೇ ತಿಂಗಳಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಮಧ್ಯಾಹ್ನದ ತೋಪು ಹಾರಿದ ಕೂಡಲೇ ಊರಿಗೆ ಊರೇ ನಿಂತಲ್ಲೇ ನಿಲ್ಲುವ ಪದ್ಧತಿ ಶುರುವಾಯ್ತು. 1919ರ ನವೆಂಬರ್ 11ರಂದು ಬ್ರಿಟಿಷ್ ಸಾಮ್ರಾಜ್ಯವೆಲ್ಲಾ ಎರಡು ನಿಮಿಷ ಮೌನ ಆಚರಿಸಿತು. ಆ ದಾರಿಯಲ್ಲೇ ಅದು ನಮ್ಮಲ್ಲಿಗೂ ಬಂತು. ಜನವರಿ 30ರಂದು ಬೆಳಿಗ್ಗೆ 11 ಗಂಟೆಗೆ ಗಾಂಧೀಜಿಗಾಗಿ ನಾವು ನಿಲ್ಲುವುದು ಅದೇ ಎರಡು ನಿಮಿಷ. ಅಂದರೆ ಈ ಮೌನಕ್ಕೆ ನೂರು ವರ್ಷದ ಮೇಲೆ ಸ್ವಲ್ಪ ವಯಸ್ಸು, ಅಷ್ಟೇ.

ಹಾಗಾದರೆ ಅದಕ್ಕೂ ಮುಂಚೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಜನ ತಮ್ಮವರನ್ನು ಹೇಗೆ ನೆನೀತಿದ್ರು?

ಹೆಸರಿಲ್ಲದ ಕಲ್ಲುಗಳು

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲದಲ್ಲಿ ಮನುಷ್ಯನ ಗುರುತು ಬಹಳ ಹಳೆಯದು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ಅಂತ ಅಂದಾಜು. ಕೆ. ಪದ್ದಯ್ಯನವರು ಜೀವಮಾನದ ಬಹುಭಾಗ ಈ ಕಣಿವೆಯ ಶೋಧನೆಗೇ ಕೊಟ್ಟರು. ಆದರೆ ಸತ್ತವರ ಗುರುತು ನಮಗೆ ಕಣ್ಣಿಗೆ ಹೊಡೆದ ಹಾಗೆ ಕಾಣುವುದು ಅದಕ್ಕಿಂತ ಎಷ್ಟೋ ಈಚೆಗಿನ ಬೃಹತ್ ಶಿಲಾ ಗೋರಿಗಳಲ್ಲಿ. ರಾಜನಕೋಳೂರಿಗೆ ಹೋಗಿ ನೋಡಿ. ಮೊದಲು ಸುರಪುರ ತಾಲೂಕು, ಈಗ ಹುಣಸಗಿ ತಾಲೂಕು. ನಾಲ್ಕು ಕಡೆ ದೊಡ್ಡ ದೊಡ್ಡ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಒಂದು ಬದಿಯ ಕಲ್ಲಿನಲ್ಲಿ ದುಂಡನೆಯ ಕಿಂಡಿ. ನಮ್ಮ ಕಡೆ ಇಂಥವನ್ನು ಮೋರ್ಯರ ಮನೆ ಅಂತಾರೆ, ಹಿಂದೆ ಇಲ್ಲಿ ಕುಳ್ಳ ಜನ ವಾಸ ಇದ್ರು ಅಂತ ಕಥೆ ಹೇಳ್ತಾರೆ.

ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಇನ್ನೊಂದು ಬಗೆ. ಹೊಲದಲ್ಲಿ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕು ಗುರುತಿಸಲು ಇಟ್ಟವು ಅಂತ ಖಗೋಳ ತಜ್ಞರು ವಾದಿಸಿದ್ದಾರೆ.

ಈ ಕಲ್ಲುಗಳ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಒಂದೇ. ಇಂಥಾ ಒಂದು ಚಪ್ಪಡಿ ಎತ್ತಲು ಒಂದು ಮನೆಯವರಿಂದ ಆಗಲ್ಲ. ಹತ್ತಾರು ಜನ ಕೂಡಬೇಕು, ಹಗ್ಗ ಬೇಕು, ಅಷ್ಟೂ ಜನಕ್ಕೆ ಅವತ್ತಿನ ಊಟ ಬೇಕು. ಅಂದರೆ ಸತ್ತವನನ್ನು ನೆನೆಯುವುದು ಊರಿನ ಕೂಡುಕೆಲಸ ಆಗಿತ್ತು. ಆದರೆ ಒಳಗಿದ್ದವರ ಹೆಸರು? ಒಂದೂ ಉಳಿದಿಲ್ಲ. ಕಲ್ಲು ಉಳಿದಿದೆ, ಮನುಷ್ಯ ಉಳಿದಿಲ್ಲ.

ಹೆಸರು ಬಂತು, ಜಮೀನೂ ಬಂತು

ಮುಂದೆ ವೀರಗಲ್ಲುಗಳ ಕಾಲ. ಕನ್ನಡ ನಾಡಿನ ತುಂಬಾ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ತುದಿಗೆ ಸೂರ್ಯ ಚಂದ್ರ. ಇವರಲ್ಲಿ ಬಹಳಷ್ಟು ಮಂದಿ ರಾಜರಲ್ಲ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು. ಈಗಿನ ಮಾತಲ್ಲಿ ಹೇಳಬೇಕೆಂದರೆ ಸಮಾಜ ಸೇವೆ ಮಾಡ್ತಾ ಸತ್ತವರು!

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ 'ನೆತ್ತರುಗೊಡಗೆ'. ಸತ್ತವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ತಿರಲಿಲ್ಲ, ಅವನ ಹೆಂಡತಿ ಮಕ್ಕಳು ಮುಂದೆ ಏನು ಉಣ್ಣಬೇಕು ಅಂತಲೂ ಯೋಚನೆ ಮಾಡ್ತಿದ್ರು. ನೆನಪು ಅಂದರೆ ಆಗ ಬರೀ ಮಾತಲ್ಲ, ಹೊಲ.

ಅದೇ ಕಾಲದಲ್ಲಿ ದೊಡ್ಡವರ ನೆನಪಿಗೆ ಬೇರೆ ವ್ಯವಸ್ಥೆ ಇತ್ತು. ಸುರಪುರ ಸೀಮೆಯ ಏವೂರಿನ 1077ರ ಶಾಸನ ಆರನೇ ವಿಕ್ರಮಾದಿತ್ಯನ ಕಾಲದ್ದು. ಚಾಲುಕ್ಯರ ವಂಶಾವಳಿಗೆ ಇತಿಹಾಸಕಾರರು ಮತ್ತೆ ಮತ್ತೆ ನೋಡುವ ಶಾಸನ ಇದು. ತಲೆಮಾರುಗಟ್ಟಲೆ ರಾಜರ ಹೆಸರು ಸಾಲಾಗಿ ಸಿಗುತ್ತೆ. ಆ ಕಲ್ಲು ಕಡಿದು ತಂದವನ ಹೆಸರು ಹುಡುಕಲು ಹೋಗಬೇಡಿ.

ಅಲಾಯಿ ಕುಣಿಯ ಸುತ್ತ

ಕಲ್ಲೂ ಇಲ್ಲದೆ, ಬರಹವೂ ಇಲ್ಲದೆ ನೆನೆಯುವ ಇನ್ನೊಂದು ದಾರಿಯೂ ನಮ್ಮ ಕಡೆ ಇದೆ. ಮೊಹರಂ. ಕ್ರಿ.ಶ. 680ರಲ್ಲಿ ದೂರದ ಕರ್ಬಲಾದಲ್ಲಿ ಸತ್ತವರಿಗಾಗಿ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡ್ತಾರೆ, ಕೆಂಡದ ಸುತ್ತ ಹೆಜ್ಜೆ ಹಾಕ್ತಾರೆ, ಕನ್ನಡದಲ್ಲಿ ರಿವಾಯತ್ ಪದ ಹಾಡ್ತಾರೆ. ಹರಕೆ ಹೊತ್ತು ಫಕೀರರಾಗುವವರಲ್ಲಿ ಹಿಂದೂಗಳೇ ಎಷ್ಟೋ ಮಂದಿ. ಒಬ್ಬ ಮುಸ್ಲಿಮರ ಮನೆಯೂ ಇಲ್ಲದ ಊರಲ್ಲೂ ದೇವರು ಕೂಡ್ರಿಸ್ತಾರೆ. ಹದಿಮೂರು ಶತಮಾನ ದಾಟಿದ ಸಾವು ಇವತ್ತಿಗೂ ಹಸಿಯಾಗಿದೆ ಅಂದರೆ ಕಾರಣ ಏನು? ಪ್ರತಿ ವರ್ಷ ಆ ಕಥೆಯನ್ನು ಪೂರ್ತಿ ಹೇಳ್ತಾರೆ. ಹೆಸರು, ಬಾಯಾರಿಕೆ, ಮಗು, ಕುದುರೆ, ಎಲ್ಲಾ. ಬರೀ "ಆತ್ಮಕ್ಕೆ ಶಾಂತಿ ಸಿಗಲಿ" ಅಂದು ಕೂತಿದ್ದರೆ ಅದು ನಮ್ಮ ಹಳ್ಳಿಯವರೆಗೆ ಬರ್ತಿತ್ತಾ?

ಪೆನ್ನು ಯಾರ ಕೈಲಿತ್ತು

ಈಗ ಸುರಪುರದ ಕಥೆಗೆ ಬರೋಣ. ಇಲ್ಲಿಂದ ವಿಷಯ ಸ್ವಲ್ಪ ಬಿಗಿ ಆಗುತ್ತೆ.

ಸುರಪುರದ ನಾಯಕರು ಸಣ್ಣವರಲ್ಲ. 1705ರಲ್ಲಿ ಔರಂಗಜೇಬ ತಾನೇ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯ್ತು, ಅವನ ಕೊನೆಯ ದಂಡಯಾತ್ರೆ ಅದು. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನು. ಆಡಳಿತ ನೋಡಿಕೊಳ್ಳಲು ಬಂದಿದ್ದವನು ಫಿಲಿಪ್ ಮೆಡೋಸ್ ಟೇಲರ್. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ನಮ್ಮವರು ಟೇಲರ್ ಮಂಜಿಲ್ ಅಂತಾರೆ. ಹುಡುಗ ಅವನನ್ನು 'ಅಪ್ಪಾ' ಅಂತ ಕರೀತಿದ್ದ. ಮೇಲೆ ಹೇಳಿದ ಕಲ್ಲುಗೋರಿಗಳ ಬಗ್ಗೆ 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ಹೇಳಿದವನೂ ಇವನೇ.

1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ಅಧಿಕಾರ ಬಂತು. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊಡ್ಡ ಪಡೆ ಬರುವಾಗ ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆ ಅಂತಾಯ್ತು. ಚೆಂಗಲ್ಪಟ್ಟಿನ ಕಡೆ ಕರೆದೊಯ್ಯುವಾಗ ದಾರಿಯಲ್ಲೇ ಸತ್ತ. ಅಧಿಕಾರಿಯ ರಿವಾಲ್ವರ್ ತೆಗೆದುಕೊಂಡು ತಾನೇ ಗುಂಡು ಹಾರಿಸಿಕೊಂಡ ಅಂತ ಟೇಲರ್ ಬರೆದ. ಸುರಪುರದಲ್ಲಿ ಈ ಮಾತು ನಂಬದವರು ಬಹಳ ಮಂದಿ, ಅವರೇ ಕೊಂದರು ಅಂತಾರೆ. 1860ರಲ್ಲಿ ಸಂಸ್ಥಾನವೇ ನಿಜಾಮನ ಪಾಲಾಯ್ತು.

ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮರುವರ್ಷ ಅವನ ಆತ್ಮಕಥೆ ಮಗಳ ಸಂಪಾದಕತ್ವದಲ್ಲಿ ಅಚ್ಚಾಯ್ತು. ಇವತ್ತಿಗೂ ವೆಂಕಟಪ್ಪ ನಾಯಕನ ಬಗ್ಗೆ ಯಾರೇ ಬರೆಯಲು ಹೊರಟರೂ ಮೊದಲು ತೆರೆಯುವುದು ಆ ಪುಸ್ತಕವನ್ನೇ! ಟೇಲರ್‌ಗೆ ಆ ಹುಡುಗನ ಮೇಲೆ ಪ್ರೀತಿ ಇತ್ತು, ಅನುಮಾನ ಬೇಡ. ಆದರೂ ನಮ್ಮ ರಾಜನ ಮಾತು ನಮಗೆ ಸಿಗುವುದು ಇನ್ನೊಬ್ಬನ ಪೆನ್ನಿನಿಂದ. ಇನ್ನು ಅವನ ಜೊತೆ ಹೋರಾಡಿ ಸತ್ತ ಬೇಡ ಪಡೆಯ ಸಾಮಾನ್ಯ ಜನ? ರಾಜನಕೋಳೂರಿನ ಚಪ್ಪಡಿಯ ಕೆಳಗಿನವರ ಹಾಗೇ.

ಕ್ಲಬ್ಬಿನ ಮಿನಿಟ್ಸ್ ಪುಸ್ತಕ

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಈಚೆಗೆ ನಮ್ಮ ಭಾಗದ ಒಂದು ಸೇವಾ ಕ್ಲಬ್ಬಿನ ಹಿರಿಯರೊಬ್ಬರು ನನಗೆ ಒಂದು ಕೆಲಸ ಒಪ್ಪಿಸಿದ್ರು. "ತಮ್ಮಾ, ಸ್ಮರಣ ಸಂಚಿಕೆಗೆ ತೀರಿಕೊಂಡ ಸದಸ್ಯರ ಪಟ್ಟಿ ಮಾಡಿಕೊಡು, ನಿನಗ ಇತಿಹಾಸದ ಹುಚ್ಚು ಅದ ಅಲ್ಲ" ಅಂದ್ರು. ಹಳೇ ಮಿನಿಟ್ಸ್ ಪುಸ್ತಕಗಳನ್ನು ಕೊಟ್ಟರು. ಕೆಲವು ಗೆದ್ದಲು ತಿಂದಿದ್ದವು. ಪ್ರತಿ ಸಾವಿಗೂ ಒಂದೇ ಸಾಲು: "ಸಂತಾಪ ಸೂಚಿಸಿ ಒಂದು ನಿಮಿಷ ಮೌನ ಆಚರಿಸಲಾಯಿತು." ಹೆಸರಿತ್ತು, ಅವರು ಏನು ಮಾಡಿದ್ರು ಅನ್ನುವುದು ಇರಲಿಲ್ಲ.

ಕೇಳ್ತಾ ಹೋದ ಹಾಗೆ ಕಥೆಗಳು ಬಿಚ್ಚಿಕೊಂಡವು. ಒಬ್ಬರು ಕಿರಾಣಿ ವ್ಯಾಪಾರಿ. ಪ್ರತಿ ಬೇಸಿಗೆಗೆ ಬಸ್ ಸ್ಟ್ಯಾಂಡಿನ ಅರವಟಿಗೆಗೆ ನೀರು ತುಂಬಿಸುವ ಜವಾಬ್ದಾರಿ ಅವರದ್ದು. ನಮ್ಮ ಕಡೆ ಏಪ್ರಿಲ್ ಮೇ ಬಿಸಿಲು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಇನ್ನೊಬ್ಬರು ಕಾಂಪೌಂಡರ್. ಪೋಲಿಯೋ ಭಾನುವಾರದ ದಿನ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ತಾಂಡಾ ತಾಂಡಾ ತಿರುಗಿದವರು. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೋ ಮುಕ್ತ ಅಂತ ಘೋಷಣೆಯಾಯ್ತು. ಆ ದೊಡ್ಡ ಸುದ್ದಿಯ ಹಿಂದೆ ಇಂಥಾ ಎಷ್ಟು ಕಾಂಪೌಂಡರುಗಳು ಇದ್ದರೋ! ಅವರ ಹೆಸರಿನ ಮುಂದೆಯೂ ಅದೇ ಒಂದು ನಿಮಿಷ.

ಈ ಕ್ಲಬ್ಬುಗಳನ್ನು ಹುಟ್ಟುಹಾಕಿದವರನ್ನು ಅವರ ಗೆಳೆಯರು ಹೇಗೆ ನೆನೆದರು ನೋಡಿ. ರೋಟರಿಯನ್ನು 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರ ಜೊತೆ ಶುರು ಮಾಡಿದ. ಅವರಲ್ಲೊಬ್ಬ ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ. ಇಬ್ಬರ ಸಮಾಧಿಯೂ ಒಂದೇ ಸ್ಮಶಾನದಲ್ಲಿ ಅಕ್ಕಪಕ್ಕ ಇವೆ. 1947ರ ಜನವರಿ 27ರಂದು ಹ್ಯಾರಿಸ್ ಸತ್ತಾಗ ಜನ ಹೂಗುಚ್ಛಕ್ಕಿಂತ ಹೆಚ್ಚಾಗಿ ರೋಟರಿ ಫೌಂಡೇಷನ್ನಿಗೆ ಹಣ ಕಳಿಸಿದ್ರು. ಅದೇ ವರ್ಷ 18 ವಿದ್ಯಾರ್ಥಿಗಳು ಅದರ ವಿದ್ಯಾರ್ಥಿವೇತನದಲ್ಲಿ ಓದಲು ಬೇರೆ ದೇಶಗಳಿಗೆ ಹೋದರು. ಇದು ನಮ್ಮ ನೆತ್ತರುಗೊಡಗೆಯ ಜಾತಿಯದ್ದೇ ಅಲ್ವಾ? ಸಾವು ಇನ್ನೊಬ್ಬರ ಅನ್ನಕ್ಕೋ ಅಕ್ಷರಕ್ಕೋ ದಾರಿಯಾಗುವುದು.

ಲಯನ್ಸ್ ಕಥೆಯೂ ಹಾಗೇ. 1917ರಲ್ಲಿ ಮೆಲ್ವಿನ್ ಜೋನ್ಸ್ ಕಟ್ಟಿದ ಸಂಸ್ಥೆ, ಭಾರತಕ್ಕೆ ಬಂದದ್ದು 1956ರಲ್ಲಿ. 1925ರಲ್ಲಿ ಹೆಲೆನ್ ಕೆಲ್ಲರ್ ಅವರ ಸಮಾವೇಶಕ್ಕೆ ಬಂದು ಕುರುಡರ ಪರ ನಿಲ್ಲಿ ಅಂತ ಕೇಳಿಕೊಂಡರು. ಅಲ್ಲಿಂದ ಕಣ್ಣಿನ ಕೆಲಸ ಅವರ ಮುಖ್ಯ ಕೆಲಸವಾಯ್ತು. ಸತ್ತ ಮೇಲೆ ಆರು ಗಂಟೆಯೊಳಗೆ ಕಣ್ಣು ತೆಗೆದುಕೊಂಡರೆ ಇನ್ನೊಬ್ಬರಿಗೆ ಹಚ್ಚಬಹುದು. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟರು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅಪ್ಪು ಫ್ಲೆಕ್ಸ್ ಕಟ್ಟಿದ ಊರುಗಳು ಎಷ್ಟೋ. ಕಣ್ಣುದಾನದ ಫಾರಂ ತುಂಬಿದವರೂ ಅಷ್ಟೇ ಇದ್ದರೆ ಎಷ್ಟು ಚೆಂದ.

ನನಗೆ ತೋಚಿದ್ದು

ಮೌನ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಮೌನಕ್ಕೆ ಮೊದಲು ಒಂದು ನಿಮಿಷ ಮಾತು ಇರಲಿ. ತೀರಿಕೊಂಡವರು ಯಾವ ಊರವರು, ಯಾವ ಕಸುಬು, ಕ್ಲಬ್ಬಿಗೆ ಏನು ಮಾಡಿದ್ರು, ಯಾವುದಕ್ಕೆ ಜಗಳ ಆಡ್ತಿದ್ರು (ಜಗಳ ಆಡದ ಸದಸ್ಯ ಯಾವ ಕ್ಲಬ್ಬಲ್ಲಿದ್ದಾನೆ ಹೇಳಿ!) ಅನ್ನುವುದನ್ನು ಐದು ಸಾಲು ಬರೆದು ಓದಲಿ, ಮಿನಿಟ್ಸ್ ಪುಸ್ತಕಕ್ಕೆ ಅಂಟಿಸಲಿ. ಸದಸ್ಯರ ಹೆಂಡಂದಿರದ್ದೂ ಬರೆಯಲಿ. ಶಿಬಿರದ ದಿನ ನೂರು ಜನಕ್ಕೆ ರೊಟ್ಟಿ ಬಡಿದವರು ಅವರೇ, ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮತ್ತೆ ಅವರು ನಡೆಸ್ತಿದ್ದ ಒಂದು ಕೆಲಸವನ್ನು, ಅರವಟಿಗೆಯಾದರೂ ಸರಿ, ಯಾರಾದರೂ ಒಬ್ಬರು ಒಪ್ಪಿಕೊಳ್ಳಲಿ.

ನಮ್ಮ ಪಟ್ಟಿ ಇನ್ನೂ ಮುಗಿದಿಲ್ಲ. ನೆನಪಿದ್ದವರೆಲ್ಲಾ ಎಂಬತ್ತರ ಹತ್ತಿರ ಬಂದಿದ್ದಾರೆ, ಅವರು ಹೋದರೆ ಐದು ಸಾಲಿಗೂ ಗತಿ ಇಲ್ಲ. ಹಾಗಾಗಿ ವಾರಕ್ಕೊಬ್ಬರ ಮನೆಗೆ ಹೋಗಿ ಕೂತು ಬರೆದುಕೊಳ್ತಿದ್ದೇನೆ. ನಿಮ್ಮೂರಿನ ಸಂಘದಲ್ಲೂ ಇಂಥವರು ಇರ್ತಾರೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಕೇಳಿ, ಕನ್ನಡದಲ್ಲಿ ಬರೆದು ಹಾಕಿ. ಓದಲು ನಾವಿದ್ದೇವೆ.